ಮನೆಯ ವಿದ್ಯೆಗೆ ಶಾಲೆಯಲ್ಲಿ ಒಂದು ತಾಸು

ಜೂನ್ ತಿಂಗಳು ಬಂದಿತೆಂದರೆ ಠಾಣೆ, ಡೊಂಬಿವಲಿ, ಕಲ್ಯಾಣಗಳ ಚಾಳುಗಳಲ್ಲಿಯೂ ನವಿಮುಂಬಯಿಯ ಖೋಲಿಗಳಲ್ಲಿಯೂ ನಮ್ಮವರಿಗೆ ಒಂದೇ ಚಿಂತೆ: ಮಗುವನ್ನು ಯಾವ ಶಾಲೆಗೆ ಹಾಕುವುದು? ಫೀ, ಪುಸ್ತಕ, ಯೂನಿಫಾರ್ಮು, ರಿಕ್ಷಾ ಬಾಡಿಗೆ, ಎಲ್ಲದರ ಲೆಕ್ಕವನ್ನೂ ಹಾಕುತ್ತೇವೆ. ಆ ಮಗು ಊರಿಗೆ ಹೋದಾಗ ಅಜ್ಜಿಯೊಡನೆ ಏನು ಮಾತಾಡೀತು ಎಂಬ ಲೆಕ್ಕವನ್ನು ಮಾತ್ರ ಹಾಕುವುದಿಲ್ಲ.

ಕಾಯದೆ ನಮ್ಮ ಪಕ್ಷದಲ್ಲಿಯೇ ಇದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ವಿಧಿ ಹೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿದ್ದೆಡೆಯಲ್ಲೆಲ್ಲ ಕನಿಷ್ಠ ಐದನೆಯ ಇಯತ್ತೆಯವರೆಗೆ ಮನೆಮಾತಿನಲ್ಲಿಯೇ ಕಲಿಸಿರೆಂದಿದೆ. ಆದರೆ ನಮ್ಮ ಮಕ್ಕಳಲ್ಲಿ ಬಹುಮಂದಿ ಇಂಗ್ಲಿಷ್ ಶಾಲೆಯಲ್ಲಿದ್ದಾರೆ. ಇದಕ್ಕಾಗಿ ತಂದೆತಾಯಿಗಳನ್ನು ನಾವು ದೂರುವವರಲ್ಲ. ಹಗಲೆಲ್ಲ ಕಪ್ಪುಬಸಿ ತೊಳೆದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವನಿಗೆ, 1982ರ ಮುಷ್ಕರದ ಬಳಿಕ ಗಿರಣಿಯ ಕೆಲಸ ಕಳಕೊಂಡವನಿಗೆ, ಮಗನಾದರೂ ಕುರ್ಚಿಯ ಮೇಲೆ ಕೂಡಲಿ ಎಂಬ ಆಸೆ ತಪ್ಪಲ್ಲ.

ನಾವು ಕೇಳುವುದು ಇಷ್ಟೇ. ಶಾಲೆ ಯಾವುದೇ ಇರಲಿ, ವಾರಕ್ಕೊಂದು ತಾಸು ಮನೆಯ ವಿದ್ಯೆಗೆ ಮೀಸಲಾಗಲಿ. ತುಳುನಾಡಿನ ಚೆನ್ನೆಮಣೆಯನ್ನೇ ನೋಡಿರಿ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಮಂಜೊಟ್ಟಿ ಕಾಯಿ, ಒಟ್ಟು 56. ಮಗು ಎಣಿಸುತ್ತದೆ, ಹಂಚುತ್ತದೆ, ಎದುರಾಳಿಯ ಗುಳಿಯಲ್ಲೆಷ್ಟಿದೆಯೆಂದು ಮನಸ್ಸಿನಲ್ಲಿಯೇ ಕೂಡಿಸುತ್ತದೆ. ಇದಕ್ಕಿಂತ ಒಳ್ಳೆಯ ಮಗ್ಗಿ ಪಾಠ ಯಾವುದಿದೆ? ವಿಜಯಪುರ, ಕಲಬುರಗಿಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಎತ್ತು ಮಾಡುವರು. ಅದು ಬರುವುದೂ ಇಲ್ಲಿ ಶಾಲೆ ತೆರೆವ ಹೊತ್ತಿಗೇ. ಒಂದು ಮುದ್ದೆ ಜೇಡಿಮಣ್ಣಿನಿಂದ ಮಳೆ, ಹೊಲ, ಬಿತ್ತನೆ ಎಲ್ಲವನ್ನೂ ಹೇಳಿಕೊಡಬಹುದು.

"ಇದರಿಂದ ಹೊಟ್ಟೆ ತುಂಬೀತೇ?" ಎಂದು ಕೇಳುವವರಿದ್ದಾರೆ. ತುಂಬಲಾರದು. ಆದರೆ ಅಪ್ಪನ ಮಾತಿಗೆ, ಅಪ್ಪನ ಕೆಲಸಕ್ಕೆ ನಾಚುವ ಮಗು ನಾಳೆ ಅಪ್ಪನನ್ನೂ ನಾಚಿಕೆಯ ವಸ್ತುವೆಂದೇ ತಿಳಿದೀತು. ಆ ನಷ್ಟವನ್ನು ಯಾವ ಪಗಾರದಿಂದಲೂ ತುಂಬಲಾಗದು.

ತೈವಾನ್ ದ್ವೀಪದ ಗುಡ್ಡಗಳಲ್ಲಿ ಬುನುನ್ ಎಂಬ ಮೂಲನಿವಾಸಿಗಳಿದ್ದಾರೆ. ನವಣೆಯಂಥ ಕಿರುಧಾನ್ಯದ ಬೆಳೆ ಚೆನ್ನಾಗಿ ಬರಲೆಂದು ಗಂಡಸರು ವೃತ್ತವಾಗಿ ನಿಂತು, ದನಿಗೆ ದನಿ ಕೂಡಿಸಿ ಏರಿಸುತ್ತ ಹಾಡುವುದು ಅವರ ಪದ್ಧತಿ. ಒಂದು ಕಾಲದಲ್ಲಿ ಆ ದೇಶದ ಶಾಲೆಗಳಲ್ಲಿ ಮನೆಮಾತಾಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. 2001ರಿಂದ ಅಲ್ಲಿಯ ಪ್ರಾಥಮಿಕ ಶಾಲೆಗಳಲ್ಲಿ ನಾಡನುಡಿಗಳ ಪಾಠ ಕಡ್ಡಾಯವಾಯಿತು. ಗುಡ್ಡದ ಜನರಿಗೆ ದೊರೆತದ್ದು ನಮಗೇಕೆ ದೊರೆಯಬಾರದು?

ಆದರೆ ಎರಡು ಎಚ್ಚರಿಕೆಗಳು ಬೇಕು. ಮೊದಲನೆಯದು, ವಾರ್ಷಿಕೋತ್ಸವದ ದಿನ ಬಾಡಿಗೆಯ ವೇಷ ತೊಡಿಸಿ ಫೋಟೋ ತೆಗೆಸಿದರೆ ಸಂಸ್ಕೃತಿ ಕಲಿಸಿದಂತಾಗದು. ಎರಡನೆಯದು, ನಮ್ಮದೆಂದರೆ ಬರೇ ಯಕ್ಷಗಾನವೆಂದು ತಿಳಿಯಬಾರದು. ನವಿಮುಂಬಯಿಯ ಕಟ್ಟಡಗಳಿಗೆ ಇಟ್ಟಿಗೆ ಹೊರುವ ಲಂಬಾಣಿ ತಾಯಿಯ ಕಸೂತಿಯೂ ನಮ್ಮದೇ. ನೆಲದ ಒಡೆಯರಾದ ಆಗ್ರಿ, ಕೋಳಿ, ವಾರ್ಲಿಗಳ ಮಕ್ಕಳೂ ಅದೇ ಬೆಂಚಿನಲ್ಲಿರುತ್ತಾರೆ. ಅಕ್ಕಿಹಿಟ್ಟಿನಿಂದ ಗೋಡೆಯ ಮೇಲೆ ಬರೆಯುವ ವಾರ್ಲಿ ಚಿತ್ರವನ್ನು ನಮ್ಮ ಮಕ್ಕಳು ಅವರಿಂದ ಕಲಿಯಲಿ. ಮರಾಠಿಯನ್ನು 2020ರ ಕಾಯದೆ ಶಾಲೆಗಳಲ್ಲಿ ಕಡ್ಡಾಯ ಮಾಡಿದೆ, ಅದು ಯೋಗ್ಯವೇ. ಉಂಡ ನೆಲದ ಮಾತನ್ನು ಕಲಿಯುವುದೂ ಹೆತ್ತ ತಾಯಿಯ ಮಾತನ್ನು ಉಳಿಸುವುದೂ ಒಂದಕ್ಕೊಂದು ವೈರವಲ್ಲ.

ಕಲಿಸುವವರೆಲ್ಲಿ ಎಂದು ಕೇಳಬೇಡಿರಿ. ಹೊಟೇಲಿನ ಭಟ್ಟಿಯ ಮುಂದೆ ನಿಂತವರಲ್ಲಿ ತಾಳಮದ್ದಳೆಯ ಅರ್ಥ ಹೇಳಬಲ್ಲವರಿದ್ದಾರೆ. ಬೀಸುವ ಪದಗಳು ಬಾಯಿಪಾಠವಿರುವ ತಾಯಂದಿರು ಪಕ್ಕದ ಖೋಲಿಯಲ್ಲಿದ್ದಾರೆ. ಉಡುಪಿಯಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಹೈಸ್ಕೂಲು ಮಕ್ಕಳಿಗೆ ಯಕ್ಷಗಾನ ಕಲಿಸುತ್ತ ಬಂದಿದೆ; ಇಲ್ಲಿ ಚಿಕ್ಕ ಇಯತ್ತೆಗಳಿಂದಲೇ ನಾವು ಆರಂಭಿಸೋಣ.

ಬಂಧುಗಳೇ, ಮುಂದಿನ ಪಾಲಕರ ಸಭೆಗೆ ರಜೆ ಹಾಕಿಯಾದರೂ ಹೋಗಿರಿ. ಒಬ್ಬೊಬ್ಬರೇ ಹೋಗಬೇಡಿರಿ, ಹತ್ತು ಮಂದಿ ಕೂಡಿ ಹೋಗಿ ಆ ಒಂದು ತಾಸನ್ನು ಕೇಳಿರಿ. ಕೂಲಿಯ ಹಕ್ಕನ್ನು ಒಗ್ಗಟ್ಟಿನಿಂದ ಪಡೆದವರು ನಾವು. ಮಕ್ಕಳ ನಾಲಿಗೆಯ ಹಕ್ಕನ್ನೂ ಹಾಗೆಯೇ ಪಡೆಯಬೇಕು.