ನಗುವೂ ಕಾಯಿಲೆ ಆಗಬಹುದು

ಪಾಠದ ನಡುವೆ ಯಾರಾದರೂ ಸುಮ್ಮಸುಮ್ಮನೆ ನಕ್ಕರೆ ನಾವು ಅಧ್ಯಾಪಕರು ಏನು ಮಾಡ್ತೇವೆ? ‘ಹೊರಗೆ ನಿಲ್ಲು’ ಅಂತೇವೆ. ನಾನೂ ಅಂದಿದ್ದೇನೆ.

ಆದರೆ ನಗುವೇ ಅಪಸ್ಮಾರದ ಲಕ್ಷಣವಾದ ಮಕ್ಕಳಿದ್ದಾರೆ. ಮಿದುಳಿನ ಆಳದ ಹೈಪೋಥಲಾಮಸ್‌ನಲ್ಲಿ ಹುಟ್ಟಿನಿಂದಲೇ ಇರುವ ಹಮಾರ್ಟೋಮಾ ಎಂಬ ಸಣ್ಣ ಗಂಟು ಇದಕ್ಕೆ ಕಾರಣ. ಅದು ಕ್ಯಾನ್ಸರ್ ಅಲ್ಲ. ಖುಷಿಯೇ ಇಲ್ಲದ ಆ ನಗು ಮಾತ್ರೆಗೆ ಬಗ್ಗುವುದು ಕಡಿಮೆ.

ತಲೆಬುರುಡೆ ತೆರೆದು ಅಷ್ಟು ಆಳಕ್ಕೆ ಹೋಗುವುದು ಅಪಾಯ. ಅಮೆರಿಕದ ಹ್ಯೂಸ್ಟನ್‌ನ ಟೆಕ್ಸಾಸ್ ಮಕ್ಕಳ ಆಸ್ಪತ್ರೆಯ ವೈದ್ಯರು ಸುಮಾರು 2010ರಿಂದ ಬೇರೆ ದಾರಿ ಹಿಡಿದರು. ಬುರುಡೆಯಲ್ಲಿ ಕೆಲವೇ ಮಿಲಿಮೀಟರಿನ ತೂತು, ಅದರೊಳಗೆ ತೆಳ್ಳಗಿನ ಲೇಸರ್ ತಂತು. ಬೆಳಕು ಶಾಖವಾಗಿ ಗಂಟನ್ನು ಬೇಯಿಸುತ್ತದೆ. ಬೆಂದ ಮೊಟ್ಟೆಯ ಬಿಳಿ ಗಟ್ಟಿಯಾಗುವುದು ನೋಡಿದ್ದೀರಲ್ಲ, ಹಾಗೆಯೇ.

ಪಕ್ಕದ ಒಳ್ಳೆಯ ಭಾಗ ಬೇಯಬಾರದಲ್ಲ? ಅದಕ್ಕೆ ಎಂ.ಆರ್.ಐ. ಯಂತ್ರದ ಕಾವಲು. ನೀರಿನ ಹೈಡ್ರೋಜನ್ ಕೊಡುವ ಸಂಕೇತದ ಆವರ್ತನ ಬಿಸಿಯಾದಂತೆ ಚೂರು ಬದಲಾಗುತ್ತದೆ. ಅದನ್ನು ಅಳೆದು ಪರದೆಯ ಮೇಲೆ ತಾಪದ ನಕ್ಷೆ ಮೂಡಿಸುತ್ತಾರೆ. ಗುರುತಿಟ್ಟ ಗಡಿಯಲ್ಲಿ ಬಿಸಿ ಏರಿತೋ, ಲೇಸರ್ ನಿಂತೇಬಿಡುತ್ತದೆ. ಬೆಳಕು, ಶಾಖ, ಕಾಂತ: ನಿಮಗೆ ಬೇಜಾರು ತರಿಸುವ ಮೂರೂ ಪಾಠ ಒಂದೇ ಕೋಣೆಯಲ್ಲಿ!

ಎಲ್ಲರಿಗೂ ಗುಣವಾಗ್ತದೆ ಅಂತಲ್ಲ. ಕೆಲವರಿಗೆ ಎರಡನೇ ಸಲ ಬೇಕಾಗುತ್ತದೆ, ನೆನಪಿನ ತೊಂದರೆಯೂ ಆದೀತು. ನನ್ನ ತಕರಾರು ಅದಲ್ಲ. ಫಿಟ್ಸ್ ಬಂದವರ ಕೈಗೆ ಬೀಗದ ಕೈ ಕೊಟ್ಟು ಸುಮ್ಮನಾಗುವ ನಾವು ಡಾಕ್ಟರ ತನಕ ಹೋಗುವುದೇ ತಡ. ನಮ್ಮ ಕಾಸರಗೋಡಿನವರಿಗೆ ತಿರುವನಂತಪುರದ ಶ್ರೀಚಿತ್ರಾದಲ್ಲಿ ಅಪಸ್ಮಾರಕ್ಕೇ ಪ್ರತ್ಯೇಕ ಕೇಂದ್ರವಿದೆ. ಲೇಸರ್ ಆಮೇಲಿನ ಮಾತು, ಮೊದಲು ಕಾಯಿಲೆ ಅಂತ ಗೊತ್ತಾಗಬೇಕು.

ಬೆಂಚಿನ ಗೆಳೆಯ ಒಮ್ಮೆಗೇ ನಕ್ಕು, ಕರೆದರೂ ಓಗೊಡದಿದ್ದರೆ ಗೇಲಿ ಮಾಡಬೇಡಿ. ಎಷ್ಟು ಹೊತ್ತು ಇತ್ತು ಅಂತ ಗಡಿಯಾರ ನೋಡಿ, ನಮಗೆ ಬಂದು ಹೇಳಿ. ಹೊರಗೆ ನಿಲ್ಲಿಸುವುದಿಲ್ಲ.