ಆಟಗಾರರನ್ನು ಹುಡುಕುವುದೆಲ್ಲಿ?

2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡವು ಮೇಘಾಲಯವನ್ನು 3-2ರಿಂದ ಮಣಿಸಿ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೆ ಹಿಂದಿನ ಗೆಲುವು 1968-69ರದು. ಆಗ ರಾಜ್ಯಕ್ಕಿನ್ನೂ ಮೈಸೂರೆಂಬ ಹೆಸರಿತ್ತು. ಇಷ್ಟಾದರೂ ಜಿಲ್ಲಾ ಕೇಂದ್ರಗಳ ಕಾಲೇಜುಗಳಿಗೆ ಫುಟ್‌ಬಾಲ್ ತಂಡಕ್ಕೆ ಹನ್ನೊಂದು ಮಂದಿಯನ್ನು ಹೊಂದಿಸುವುದೇ ಪ್ರಯಾಸವಾಗಿದೆ.

ಹುಡುಕಾಟ ನಡೆಯುವ ಜಾಗವೇ ತಪ್ಪು. ತುಮಕೂರಿನ ಕಾಲೇಜೊಂದು ಪಳಗಿದ ಆಟಗಾರ ಬೇಕೆಂದು ಬೆಂಗಳೂರಿನತ್ತ ನೋಡಿದರೆ, ಕ್ಲಬ್ಬುಗಳ ನಡುವೆ ಬೆಳೆದ ಆಸ್ಟಿನ್ ಟೌನಿನ ಹುಡುಗ ಇಲ್ಲಿಗೇಕೆ ಬಂದಾನು? ಗುಬ್ಬಿ ತಾಲ್ಲೂಕಿನ ಹಾಗಲವಾಡಿಯಂಥ ಹೋಬಳಿಗಳ ಶಾಲಾ ಕ್ರೀಡಾಕೂಟವೇ ಮೊದಲ ಜರಡಿ. ಅಲ್ಲಿ ಕಬಡ್ಡಿ, ಖೊಖೊ ಆಡುವವರಿಗೆ ಚೆಂಡಿನ ಪಳಗಿಕೆ ಇಲ್ಲದಿರಬಹುದು, ಓಟವಿದೆ, ದಮ್ಮಿದೆ.

ಆದರೆ ಶುಲ್ಕ ವಿನಾಯಿತಿಯೊಂದರಿಂದಲೇ ಅವರು ಬರುವರೆಂಬ ಭ್ರಮೆ ಬೇಡ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಅವಕಾಶ ವೆಚ್ಚವೆನ್ನುತ್ತಾರೆ. ಸಂಜೆ ಅಭ್ಯಾಸಕ್ಕೆ ನಿಂತವನಿಗೆ ಊರಿನ ಬಸ್ಸು ತಪ್ಪುತ್ತದೆ. ತೋಟದ ಕೆಲಸ ಉಳಿಯುತ್ತದೆ. ನಷ್ಟ ಮನೆಯವರದು, ಕೀರ್ತಿ ಕಾಲೇಜಿನದು. ಹಾಸ್ಟೆಲ್ ವಸತಿ, ಊಟ, ಬೂಟು, ಕಾಲು ಮುರಿದರೆ ಚಿಕಿತ್ಸೆ, ಇವನ್ನು ಪ್ರವೇಶದ ದಿನವೇ ಬರೆದುಕೊಡದ ಹೊರತು ಯಾವ ತಂದೆಯೂ ಒಪ್ಪಲಾರ. ಒಪ್ಪಲೂಬಾರದು.

ಕಾಲೇಜುಗಳು ತಮ್ಮ ದೈಹಿಕ ಶಿಕ್ಷಣ ನಿರ್ದೇಶಕರನ್ನು ಮುಂದಿನ ಹೋಬಳಿ ಕ್ರೀಡಾಕೂಟಕ್ಕೆ ಪ್ರಯಾಣ ಭತ್ಯೆ ಕೊಟ್ಟು ಕಳುಹಿಸಲಿ. ಇಂಥ ಬಿಲ್ಲುಗಳಿಗೆ ಆಕ್ಷೇಪಣೆ ಬರೆಯುವುದರಲ್ಲಿ ನಮ್ಮ ಕಚೇರಿಗಳು ನಿಸ್ಸೀಮ. ಸೇವೆಯಲ್ಲಿದ್ದಾಗ ನಾನೂ ಬರೆದವನೇ. ಈ ಒಂದು ಬಿಲ್ಲನ್ನಾದರೂ ಮರುಮಾತಿಲ್ಲದೆ ಮಂಜೂರು ಮಾಡಬೇಕು.