ಸುಮ್ಮನಿದ್ದವರೆಲ್ಲ ಸತ್ತವರಲ್ಲ

ಸರ್ವರ್‌ಗೆ ಎಸ್‌ಎಸ್‌ಎಚ್ ಮಾಡಿ ಲಾಗ್ ಓದ್ತಾ ಕೂತಿರ್ತೀರಿ. ಹತ್ತು ನಿಮಿಷ ಕೀಬೋರ್ಡ್ ಮುಟ್ಟಿರಲ್ಲ. ಆಮೇಲೆ ಎಂಟರ್ ಒತ್ತಿದರೆ ಟರ್ಮಿನಲ್ ಕಲ್ಲು. ಎರರ್ ಇಲ್ಲ, ಮೆಸೇಜ್ ಇಲ್ಲ. ನೆಟ್‌ವರ್ಕ್ ಟೀಮನ್ನು ಕೇಳಿದರೆ ರೆಡಿ ಉತ್ತರ: 'ಸೆಕ್ಯುರಿಟಿ ಪಾಲಿಸಿ'. ನನ್ನ ತಕರಾರು ಇರೋದು ಈ ಉತ್ತರದ ಮೇಲೆ.

ಎಷ್ಟೋ ಸಲ ಅದು ಪಾಲಿಸಿಯೇ ಅಲ್ಲ, ಜಾಗದ ಲೆಕ್ಕ. ಮಧ್ಯದಲ್ಲಿರುವ ಫೈರ್‌ವಾಲ್ ಅಥವಾ ನ್ಯಾಟ್ ಪ್ರತಿ ಕನೆಕ್ಷನ್ನನ್ನೂ ಒಂದು ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತದೆ. ಪಟ್ಟಿ ತುಂಬದಿರಲಿ ಅಂತ ಸದ್ದು ಮಾಡದವರನ್ನು ಅಳಿಸುತ್ತದೆ. ಅಮೆಜಾನ್ ಕ್ಲೌಡಿನ ನ್ಯಾಟ್ ಗೇಟ್‌ವೇ ಕಾಯೋದು 350 ಸೆಕೆಂಡ್. ಲಿನಕ್ಸ್‌ನ ಟಿಸಿಪಿ ಕೀಪ್‌ಅಲೈವ್ ಮಾತ್ರ, ನಾವು ಬದಲಾಯಿಸದಿದ್ದರೆ, 7200 ಸೆಕೆಂಡ್ ಆದಮೇಲೆ ಮೊದಲ ಸಲ ಬಾಗಿಲು ಬಡಿಯುತ್ತದೆ. ಅಷ್ಟೊತ್ತಿಗೆ ಮನೆಯೇ ಇರಲ್ಲ! ನ್ಯಾಟ್ ಕನಿಷ್ಠ 2 ಗಂಟೆ 4 ನಿಮಿಷ ಕಾಯಬೇಕು ಅಂತ 2008ರ ಆರ್‌ಎಫ್‌ಸಿ 5382 ಹೇಳುತ್ತದೆ. ಕೇಳೋರು ಯಾರು?

ಕಡಿಯಲಿ, ಆದರೆ ಕಡಿದೆ ಅಂತ ಹೇಳಲಿ. ಅದಕ್ಕೆ ಟಿಸಿಪಿಯಲ್ಲೇ ರೀಸೆಟ್ ಇದೆ. ಅಮೆಜಾನ್ ಗೇಟ್‌ವೇ ನಾವು ಮತ್ತೆ ಮಾತಾಡಲು ಹೋದಾಗ ಅದನ್ನಾದರೂ ಕಳಿಸುತ್ತದೆ. ಎಷ್ಟೋ ಫೈರ್‌ವಾಲ್‌ಗಳಿಗೆ ಅಷ್ಟು ಸೌಜನ್ಯವೂ ಇಲ್ಲ. ಇನ್ನೂ ತಮಾಷೆ ಅಂದರೆ, ಹೀಗೆ ಸದ್ದಿಲ್ಲದೆ ಕಡಿದಾಗ ಸರ್ವರ್‌ಗೂ ಸುದ್ದಿ ಹೋಗಲ್ಲ. ನೀವು ಹೊರಗೆ, ನಿಮ್ಮ ಲಾಗಿನ್ ಇನ್ನೂ ಒಳಗೆ. ಇದು ಯಾವ ಸೆಕ್ಯುರಿಟಿ ಸ್ವಾಮಿ?

ತೆರೆದಿಟ್ಟು ಎದ್ದುಹೋದ ಟರ್ಮಿನಲ್ ಅಪಾಯ ಅನ್ನೋದು ನಿಜ. ಅದಕ್ಕೆ ಲ್ಯಾಪ್‌ಟಾಪ್ ಲಾಕ್ ಇದೆ. ಸರ್ವರ್‌ನಲ್ಲಿ ಬ್ಯಾಶ್‌ನ ಟಿಎಂಔಟ್ ಇದೆ, ಅದು ಹೇಳಿಯೇ ಹೊರಗೆ ಹಾಕುತ್ತದೆ. ಅದು ಪಾಲಿಸಿ. ಅದನ್ನು ಯಾಮಾರಿಸಿ ಅಂತ ನಾನು ಹೇಳ್ತಿಲ್ಲ.

ಉಳಿದದ್ದಕ್ಕೆ ಮದ್ದು ನಮ್ಮ ಕೈಯಲ್ಲೇ ಇದೆ. ನಿಮ್ಮ ಎಸ್‌ಎಸ್‌ಎಚ್ ಕಾನ್ಫಿಗ್ ಫೈಲಿನಲ್ಲಿ ಒಂದೇ ಸಾಲು: ಸರ್ವರ್‌ಅಲೈವ್‌ಇಂಟರ್‌ವಲ್ 60. ಓಪನ್‌ಎಸ್‌ಎಸ್‌ಎಚ್‌ನಲ್ಲಿ ಇದರ ಮೂಲ ಬೆಲೆ 0, ಅಂದರೆ ಆಫ್. ಆನ್ ಮಾಡಿದರೆ ಆ ಕಡೆಯಿಂದ ಸುದ್ದಿ ಇಲ್ಲದ ಪ್ರತಿ 60 ಸೆಕೆಂಡಿಗೊಮ್ಮೆ 'ಇದೀಯಾ?' ಅಂತ ಕೇಳುತ್ತದೆ, ಅದೂ ಎನ್‌ಕ್ರಿಪ್ಟ್ ಆದ ದಾರಿಯೊಳಗೇ. ಸತತ 3 ಸಲ ಉತ್ತರ ಬರದಿದ್ದರೆ ತಾನೇ ಕಡಿದು, ಕಡಿದೆ ಅಂತ ಹೇಳುತ್ತದೆ. ಅಡ್ಮಿನ್ ಆಗಿದ್ದರೆ ಸರ್ವರ್ ಕಡೆ ಕ್ಲೈಂಟ್‌ಅಲೈವ್‌ಇಂಟರ್‌ವಲ್ ಹಾಕಿ. ಗಂಟೆಗಟ್ಟಲೆ ಓಡುವ ಕೆಲಸವನ್ನಂತೂ ಟಿಮಕ್ಸ್ ಒಳಗೇ ಓಡಿಸಿ. ವೈಫೈ ಹೋದರೂ ಕೆಲಸ ಹೋಗಲ್ಲ.

ಗದ್ದೆಗೆ ನೀರು ತಿರುಗಿಸಿ ಬದುವಿನ ಮೇಲೆ ಸುಮ್ಮನೆ ಕೂತವನನ್ನು ನಮ್ಮೂರಲ್ಲಿ ಯಾರೂ ಸೋಮಾರಿ ಅನ್ನಲ್ಲ. ನೀರು ಹರೀತಿದೆ, ಅವನು ನೋಡ್ತಿದ್ದಾನೆ. ಅದೂ ಕೆಲಸ. ಮುಂದಿನ ಸಲ ಯಾರಾದರೂ 'ಪಾಲಿಸಿ' ಅಂದರೆ ಮೂರು ಪ್ರಶ್ನೆ ಕೇಳಿ: ಎಷ್ಟು ಸೆಕೆಂಡ್? ಯಾವ ಡಬ್ಬದಲ್ಲಿ? ಎಲ್ಲಿ ಬರೆದಿದೆ? ಉತ್ತರ ಇಲ್ಲದಿದ್ದರೆ ಅದು ಪಾಲಿಸಿ ಅಲ್ಲ, ಯಾರೂ ಮುಟ್ಟದೆ ಬಿಟ್ಟ ಡೀಫಾಲ್ಟ್.